ಮೂರು ಕಿಲೋ ಸುಳ್ಳು

ಮಾರ್ಚ್ 3, ಸೋಮವಾರ

ನಿನ್ನೆ ಫುಟ್‌ಬಾಲ್ ಪಂದ್ಯ, ಇವತ್ತು ಕಾಲುಗಳ ಸರದಿ. ಬೆಳಿಗ್ಗೆ ಎಂಟಕ್ಕೇ ಗ್ಯಾಲರಿ ಕೆಳಗಿನ ನನ್ನ ಕೋಣೆಯ ಮುಂದೆ ಸಾಲು ನಿಂತಿತ್ತು. ಹದಿನೆಂಟು ಜನ, ಮೂವತ್ತಾರು ಕಾಲು. ಒಬ್ಬೊಬ್ಬನೂ ಮಂಚದ ಮೇಲೆ ಬೋರಲಾಗಿ ಮಲಗಿ ಮಂಡಿ ಮಡಿಸಬೇಕು. ಅವನ ಹಿಮ್ಮಡಿಗೆ ಅಂಗೈಯಗಲದ ಮೀಟರ್ ಒತ್ತಿ ಹಿಡಿದು, ಮೊಣಕೈಯನ್ನು ಪಕ್ಕೆಗೆ ಊರಿ ನಾನು ನಿಲ್ಲುತ್ತೇನೆ. "ಎಳಿ" ಎಂದಾಗ ಅವನು ಜೀವ ಬಿಟ್ಟು ಎಳೆಯಬೇಕು, ನಾನು ಕೂದಲೆಳೆಯಷ್ಟೂ ಅಲುಗದೆ ತಡೆಯಬೇಕು. ಮೂರು ಸೆಕೆಂಡ್. ತೊಡೆಯ ಹಿಂಭಾಗದಲ್ಲಿ ಎಷ್ಟು ಕಸುವು ಉಳಿದಿದೆ ಎಂದು ಮೀಟರ್ ಕಿಲೋ ಲೆಕ್ಕದಲ್ಲಿ ಹೇಳುತ್ತದೆ.

ಪಂದ್ಯದ ಮರುದಿನ ಎಲ್ಲರದ್ದೂ ಇಳಿದಿರುತ್ತದೆ. ಬುಧವಾರದ ಹೊತ್ತಿಗೆ ಅವರವರ ಪೂರ್ತಿ ಬಲದ ಹತ್ತರಲ್ಲಿ ಒಂಬತ್ತು ಪಾಲಿಗಾದರೂ ಏರಿರಬೇಕು. ಏರದಿದ್ದರೆ ಕಾಲು ಇನ್ನೂ ಸುಧಾರಿಸಿಕೊಂಡಿಲ್ಲ. ಆ ಭಾನುವಾರ ಬೆಂಚೇ ಗತಿ. ಇದು ಕೋಚ್ ಮಾಡಿದ ನಿಯಮ, ಯಾರಿಗೂ ವಿನಾಯಿತಿ ಇಲ್ಲ.

ಭಾವ ಕೊನೆಯಲ್ಲಿ ಬಂದರು. ನನ್ನ ಅಕ್ಕನ ಗಂಡ; ಟೀಮಿನಲ್ಲಿ ಎಲ್ಲರಿಗಿಂತ ಹಿರಿಯರು, ಮೂವತ್ತನಾಲ್ಕು. "ತಕ್ಕಡಿ ಸಾಹೇಬ್ರೇ, ಸ್ವಲ್ಪ ನಮ್ಮ ಕಡೆ ನೋಡಿ ತೂಗಿ" ಎನ್ನುತ್ತಾ ಮಲಗಿದರು.

"ನನ್ನ ಕೈಗೆ ನೆಂಟಸ್ತನ ಗೊತ್ತಾಗಲ್ಲ ಭಾವ."

ಬಲಗಾಲು ಇಪ್ಪತ್ತೇಳು. ಪೂರ್ತಿ ಬಲ ಇದ್ದಾಗ ಮೂವತ್ತೆರಡು. ಆಪರೇಷನ್ ಆದ ಕಾಲಿಗೆ ಪಂದ್ಯದ ಮರುದಿನ ಇಷ್ಟು ಬಂದರೆ ಏನೂ ಮೋಸವಿಲ್ಲ.

ನೆಂಟಸ್ತನದ ಮಾತು ತಮಾಷೆಗೆ ಹೇಳಿದ್ದಲ್ಲ. ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು, ಒಂದು ಸಂಖ್ಯೆಯನ್ನೂ ತಿದ್ದಿಲ್ಲ.

ಮಾರ್ಚ್ 5, ಬುಧವಾರ

ಭಾವನದು ಮೂವತ್ತೊಂದು. ಇಪ್ಪತ್ತೊಂಬತ್ತು ದಾಟಿದರೆ ಸಾಕಿತ್ತು. ಮಂಚದಿಂದ ಎದ್ದವರೇ ಹುಡುಗರ ಮುಂದೆ ಎರಡು ಹೆಜ್ಜೆ ಕುಣಿದರು.

ಸಂಜೆ ಅಕ್ಕನ ಮನೆಯಲ್ಲಿ ಊಟ. ಭಾವ ಮಗಳು ಪುಟ್ಟಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿಗೆ ಹೋಗಿದ್ದರು. ಅಕ್ಕ ಅದನ್ನೇ ಕಾಯುತ್ತಿದ್ದಳು ಅನಿಸುತ್ತದೆ. ಒಲೆ ಆರಿಸಿ ಬಂದು ಎದುರಿಗೆ ಕುಳಿತಳು.

"ಒಂದು ಮಾತು ಕೇಳ್ತೀನಿ, ಬೈಬೇಡ. ಅವರ ಕಾಲಲ್ಲಿ ಶಕ್ತಿ ಕಮ್ಮಿ ಆಗಿದೆ ಅಂತ ನೀನು ಹೇಳಿದ್ರೆ ಕೋಚ್ ನಂಬ್ತಾರಲ್ವಾ?"

"ಕಮ್ಮಿ ಆಗಿಲ್ವಲ್ಲ ಅಕ್ಕ."

"ಆಗೋವರೆಗೂ ಕಾಯ್ಬೇಕಾ? ಹೋದ್ಸಲ ಸ್ನಾಯು ಮೂಳೆಯಿಂದ ಕಿತ್ತು ಬಂದಾಗ ಎಂಟು ತಿಂಗಳು ಬಚ್ಚಲಿಗೆ ಹಿಡ್ಕೊಂಡು ಹೋದವಳು ನಾನು. ಇನ್ನೊಂದ್ಸಲ ಹರಿದ್ರೆ ಮೊದಲಿನ ಹಾಗೆ ನಡೆಯೋದೂ ಕಷ್ಟ ಅಂತ ಡಾಕ್ಟ್ರು ಹೇಳಿದ್ದು ನಿನ್ನ ಕಿವಿಗೂ ಬಿದ್ದಿದೆ. ಆಟ ಬಿಡಿ ಅಂದ್ರೆ ನಕ್ಕು ನನ್ನ ಕೆನ್ನೆ ಹಿಂಡ್ತಾರೆ. ನನ್ನ ಮಾತು ಅಂದ್ರೆ ಅವರಿಗೆ ನಗೆ. ನಿನ್ನ ಮೀಟರ್ ಮಾತು ನಗೆ ಅಲ್ಲ."

ಆಗೋದಿಲ್ಲ ಎಂದೆ. ಅವಳು ಒತ್ತಾಯಿಸಲಿಲ್ಲ. ತಟ್ಟೆ ಇಟ್ಟು ಬಡಿಸಿದಳು. ಅಮ್ಮ ಹೋದಾಗ ನನಗೆ ಒಂಬತ್ತು, ಅವಳಿಗೆ ಹದಿನೈದು. ಅವತ್ತಿನಿಂದ ಇವತ್ತಿನವರೆಗೆ ಅವಳು ನನ್ನನ್ನು ಏನಾದರೂ ಕೇಳಿದ್ದು ನೆನಪಿಲ್ಲ. ಇದೇ ಮೊದಲು.

ಮಾರ್ಚ್ 9, ಭಾನುವಾರ

ಅರವತ್ತನೇ ನಿಮಿಷದಲ್ಲಿ ಭಾವ ಓಡುತ್ತಿದ್ದವರು ತೊಡೆ ಹಿಡಿದುಕೊಂಡು ಕುಸಿದರು. ಐಸ್ ಪೆಟ್ಟಿಗೆ ಎತ್ತಿಕೊಂಡು ಓಡಿದೆ. ಬರೀ ಸ್ನಾಯು ಹಿಡಿದುಕೊಂಡಿತ್ತು, ಅಷ್ಟೇ. ಎರಡು ನಿಮಿಷಕ್ಕೆ ಎದ್ದು ಆಡಿದರು. ಆದರೆ ಅವರು ನೆಲದ ಮೇಲೆ ಬಿದ್ದಿದ್ದಾಗ ನನ್ನ ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಹನ್ನೊಂದು ಸಲ. ಅಕ್ಕ ಟಿವಿಯಲ್ಲಿ ನೋಡುತ್ತಿದ್ದಳು.

ಮಾರ್ಚ್ 12, ಬುಧವಾರ

ಭಾವ ಇಪ್ಪತ್ತೆಂಟು.

ಮೀಟರ್ ತೋರಿಸಿದ್ದನ್ನೇ ಬರೆದೆ. ಅವರು ಎಳೆಯುವಾಗ ನನ್ನ ಮೊಣಕೈ ಪಕ್ಕೆಯಿಂದ ಸ್ವಲ್ಪ ಬಿಟ್ಟಿತು. ತಡೆಯುವ ಕೈ ಒಂದು ಬೆರಳಗಲ ಹಿಂದಕ್ಕೆ ಬಂದರೆ ಸಂಖ್ಯೆ ಎರಡು ಮೂರು ಕಿಲೋ ಇಳಿಯುತ್ತದೆ, ಇದು ಕಲಿಯುವಾಗಲೇ ಹೇಳಿಕೊಟ್ಟ ವಿಷಯ. ಬೆಳಿಗ್ಗೆಯಿಂದ ಹದಿನೇಳು ಜನರನ್ನು ತಡೆದು ಕೈ ಸೋತಿತ್ತು. ಮತ್ತೆ ಅಳೆಯಬಹುದಿತ್ತು. ಅಳೆಯಲಿಲ್ಲ.

ಕೋಚ್ ಪಟ್ಟಿ ನೋಡಿ, "ಮೊನ್ನೆ ಬಿದ್ದಿದ್ದಕ್ಕೂ ಇದಕ್ಕೂ ಸರಿ ಹೋಯ್ತು. ಈ ವಾರ ರೆಸ್ಟ್" ಎಂದರು. ಭಾವ ಭುಜ ಕುಣಿಸಿ ಹೊರಟರು.

ಅಕ್ಕ ಫೋನ್ ಮಾಡಿದಳು. "ಊಟ ಆಯ್ತೇನೋ?" ಎಂದಷ್ಟೇ ಕೇಳಿದಳು.

ಮಾರ್ಚ್ 16, ಭಾನುವಾರ

ಭಾವ ಇಲ್ಲದೆಯೂ ಎರಡು ಗೋಲಿನಿಂದ ಗೆದ್ದೆವು. ಯಾರಿಗೂ ಏನೂ ತೊಂದರೆಯಾಗಲಿಲ್ಲ.

ಮಾರ್ಚ್ 19, ಬುಧವಾರ

ಪಂದ್ಯ ಆಡದವರ ಕಾಲು ಪೂರ್ತಿ ಏರಿರಬೇಕು ಎಂದು ಭಾವ ನಂಬಿಕೊಂಡು ಬಂದಿದ್ದರು. ಇಪ್ಪತ್ತೆಂಟು. "ಇನ್ನೊಂದ್ಸಲ ನೋಡು" ಎಂದರು. ಇಪ್ಪತ್ತೆಂಟು. "ಇನ್ನೊಂದೇ ಸಲ." ಹಲ್ಲು ಕಚ್ಚಿ ಎಳೆದರು, ಮಂಚದ ಕಾಲು ಕಿರ್ ಎಂದಿತು. ಇಪ್ಪತ್ತೇಳು. ಮೂರು ಸಲವೂ ಹೆಚ್ಚುಕಡಿಮೆ ಒಂದೇ ಬಂತು. ಕೈಗೆ ಅಷ್ಟು ಅಭ್ಯಾಸವಾಗಿದೆ ಎನ್ನಬೇಕು.

ರೇಡಿಯೋ ಎಂದರೆ ನಮ್ಮ ಎಡಬದಿಯ ಆಟಗಾರ, ಬಾಯಿಗೆ ಬೀಗವಿಲ್ಲ. ಇವತ್ತು ಎಲ್ಲರೆದುರು, "ಕಾಲಿಗೆ ಜ್ಯೋತಿಷ್ಯ ಹೇಳೋರು ಬಂದ್ರು, ದಾರಿ ಬಿಡಿ" ಎಂದ. ಎಲ್ಲರೂ ನಕ್ಕರು. ಅವನ ಸಂಖ್ಯೆಯೂ ಇಳಿದಿತ್ತು. ಮೂವತ್ತು ಬಂತು, ಅವನಿಗೆ ಮೂವತ್ತೊಂದು ಬೇಕು. ಮಾತು ಜಾಸ್ತಿ, ನಿದ್ದೆ ಕಮ್ಮಿ ಇರಬೇಕು. ಈ ಭಾನುವಾರ ಅವನಿಗೂ ವಿಶ್ರಾಂತಿ. ಮಧ್ಯಾಹ್ನದ ನಂತರ ಕೋಣೆ ಬಹಳ ನಿಶ್ಶಬ್ದವಾಗಿತ್ತು, ಹಿತವಾಗಿತ್ತು.

ಮಾರ್ಚ್ 26, ಬುಧವಾರ

ಇಪ್ಪತ್ತೆಂಟು. ಭಾವ ಈ ಸಲ ಮತ್ತೆ ನೋಡು ಎನ್ನಲಿಲ್ಲ. ಬೂಟು ಕಟ್ಟಿಕೊಳ್ಳುತ್ತಾ, "ವಯಸ್ಸಾದ್ರೆ ಹೀಗೇ ಏನೋ, ದಿಢೀರಂತ ಇಳಿದುಬಿಡುತ್ತಾ?" ಎಂದು ಕೇಳಿದರು.

"ಕೆಲವರಿಗೆ ಹಾಗಾಗುತ್ತೆ" ಎಂದೆ. ಇದು ಸುಳ್ಳಲ್ಲ, ಕೆಲವರಿಗೆ ಆಗುತ್ತದೆ.

ರೇಡಿಯೋ ಇವತ್ತೂ ಮೂವತ್ತೇ. ಬಾಯಿ ಮಾತ್ರ ಮೊದಲಿಗಿಂತ ಹತ್ತು ಪಾಲು ಕಮ್ಮಿ.

ಕೋಚ್ ನನ್ನನ್ನು ತಮ್ಮ ಕೋಣೆಗೆ ಕರೆದು ಕೂರಿಸಿ ಚಹಾ ಕೊಟ್ಟರು. "ನಿನ್ನ ಪಟ್ಟಿ ನೋಡಿಕೊಂಡೇ ನಾನೀಗ ಟೀಮ್ ಕಟ್ತಿರೋದು, ಗೊತ್ತಲ್ವಾ?" ಎಂದರು. ಏಳು ತಿಂಗಳು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿದ ಮನುಷ್ಯ. ನಾನು ತಲೆಯಾಡಿಸಿದೆ. ಹನ್ನೊಂದು ಹೆಸರು ಯಾವುವು ಎಂಬುದು ಬುಧವಾರವೇ ನನಗೆ ಗೊತ್ತಿರುತ್ತದೆ, ಉಳಿದವರಿಗೆ ಶನಿವಾರ.

ಮಾರ್ಚ್ 30, ಭಾನುವಾರ

ಪಂದ್ಯ ಮುಗಿಸಿಕೊಂಡು ಅಕ್ಕನ ಮನೆಗೆ ಹೋದೆ. ಪುಟ್ಟಿ ಭಾವನ ಪಂಚೆ ಜಗ್ಗುತ್ತಾ ಹೆಗಲ ಮೇಲೆ ಕೂರಿಸು ಎಂದು ಹಟ ಹಿಡಿದಿದ್ದಳು.

"ಬೇಡ ಪುಟ್ಟಿ. ಅಪ್ಪನ ಕಾಲಲ್ಲಿ ಶಕ್ತಿ ಇಲ್ಲ. ಇಬ್ರೂ ಬಿದ್ದುಬಿಡ್ತೀವಿ."

"ಮಾಮ, ಅಪ್ಪಂಗೆ ಶಕ್ತಿ ಹಾಕು" ಎಂದು ಅವಳು ನನ್ನ ಬಳಿ ಬಂದಳು. ಐದು ವರ್ಷದ ಹುಡುಗಿ, ಮೂಟೆ ಅಕ್ಕಿಯೇನಲ್ಲ. ನಾನೇ ಎತ್ತಿಕೊಂಡೆ.

ಅಡುಗೆಮನೆಯಲ್ಲಿ ಅಕ್ಕ ದನಿ ತಗ್ಗಿಸಿದಳು. "ಮೆಟ್ಟಿಲು ಹತ್ತೋವಾಗ ಕಂಬಿ ಹಿಡ್ಕೋತಾರೆ ಕಣೋ. ಮೊದಲು ಎರಡೆರಡು ಮೆಟ್ಟಿಲು ಹಾರೋರು. ಬೆಳಿಗ್ಗೆ ಎದ್ದ ತಕ್ಷಣ ತೊಡೆ ಒತ್ತಿ ಒತ್ತಿ ನೋಡ್ಕೋತಾರೆ. ಆಟ ಬಿಡ್ಲಿ ಅಂದಿದ್ದು ನಿಜ, ಹೀಗೆ ಮುದುಕ ಆಗ್ಲಿ ಅಂದಿದ್ನಾ? ಸಾಕು. ನಿಲ್ಲಿಸಿಬಿಡು."

"ಇನ್ನೆರಡು ವಾರ ಅಕ್ಕ. ಸೀಸನ್ ಮುಗಿಯೋ ಹೊತ್ತಿಗೆ ಅವರೇ ಬಿಡ್ತೀನಿ ಅಂತಾರೆ. ಇಷ್ಟು ದೂರ ಬಂದು ಈಗ ಬಿಟ್ರೆ ಏನು ಪ್ರಯೋಜನ?"

ಅವಳು ನನ್ನ ಮುಖವನ್ನೇ ನೋಡಿದಳು. ಯಾರೋ ಹೊಸಬರು ಮನೆಗೆ ಬಂದಾಗ ನೋಡುವ ಹಾಗೆ. ಹೆಂಗಸರ ಮನಸ್ಸು ಬೇಗ ಕರಗುತ್ತದೆ. ಶುರು ಮಾಡಿಸಿದವಳೂ ಅವಳೇ.

ಏಪ್ರಿಲ್ 2, ಬುಧವಾರ



ವಾರಕ್ಕೊಮ್ಮೆ ಬರುವ ಡಾಕ್ಟರಮ್ಮ ಹೊಸ ಚೌಕಟ್ಟೊಂದನ್ನು ತರಿಸುತ್ತಿದ್ದಾರಂತೆ. ಕಬ್ಬಿಣದ್ದು, ನೆಲಕ್ಕೆ ಬಿಗಿಯುವುದು. ಮೀಟರ್ ಅದರೊಳಗೇ ಇರುತ್ತದೆ. ಹಿಡಿಯುವ ಕೈಯೇ ಬೇಡ. ಮುಂದಿನ ಬುಧವಾರ ಎಲ್ಲರನ್ನೂ ಅದರಲ್ಲಿ ಅಳೆದು ನನ್ನ ಪಟ್ಟಿಯ ಜೊತೆ ಹೋಲಿಸುತ್ತಾರಂತೆ. ಅವರು ಖುಷಿಯಲ್ಲಿ ಹೇಳುತ್ತಿದ್ದರು, ನಾನು ಪಟ್ಟಿ ಮಡಿಸಿಟ್ಟೆ.

ಒಂದೇ ದಾರಿ ಕಂಡಿತು. ಇವತ್ತು ಭಾವನ ಕಾಲನ್ನು ಸರಿಯಾಗಿ ತಡೆಯುವುದು. ಮೂವತ್ತೊಂದು ಬರುತ್ತದೆ, ಸುಧಾರಿಸಿದ್ದಾರೆ ಎಂದು ಬರೆಯುವುದು. ಮುಂದಿನ ವಾರ ಚೌಕಟ್ಟೂ ಅದನ್ನೇ ಹೇಳುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಮೊಣಕೈಯನ್ನು ಪಕ್ಕೆಗೆ ಊರಿ, ಬೆನ್ನನ್ನು ಗೋಡೆಗೆ ಕೊಟ್ಟು, ನನ್ನ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹಿಡಿದೆ. "ಎಳೀರಿ ಭಾವ."

ಇಪ್ಪತ್ತೇಳು.

"ಇನ್ನೊಂದ್ಸಲ ಎಳೀರಿ."

ಇಪ್ಪತ್ತೇಳು.

ನನ್ನ ಕೈ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಭಾವ ದಿಂಬಿನಲ್ಲಿ ಮುಖ ಹುದುಗಿಸಿಕೊಂಡೇ, "ಬಿಡಪ್ಪ, ಎಷ್ಟು ಸಲ ಅಳೆದ್ರೂ ಅಷ್ಟೇ" ಎಂದರು.

ಏಪ್ರಿಲ್ 9, ಬುಧವಾರ

ಚೌಕಟ್ಟು ಬಂತು. ಡಾಕ್ಟರಮ್ಮ ಒಬ್ಬೊಬ್ಬರನ್ನೇ ಮಲಗಿಸಿ, ತಾವೇ ಸಂಖ್ಯೆ ಓದಿ ಬರೆದುಕೊಂಡರು. ನಾನು ಗೋಡೆಗೊರಗಿ ನಿಂತಿದ್ದೆ.

ಭಾವ ಇಪ್ಪತ್ತೇಳು. ಡಾಕ್ಟರಮ್ಮ ನನ್ನ ಪಟ್ಟಿಯ ಜೊತೆ ಇಟ್ಟು ನೋಡಿ, "ಏನು ಕೈರೀ ನಿಮ್ಮದು! ಚೌಕಟ್ಟಿಗೂ ನಿಮಗೂ ಕೂದಲೆಳೆ ವ್ಯತ್ಯಾಸ ಇಲ್ಲ" ಎಂದರು. ಭಾವನ ಕಡೆ ತಿರುಗಿ, "ನಿಮ್ಮ ಕಾಲು ಹೆದರಿದೆ. ಒಂದು ತಿಂಗಳು ಓಡಿಲ್ಲ, ಜೋರಾಗಿ ಎಳೆಯೋಕೂ ಧೈರ್ಯ ಇಲ್ಲ. ಸ್ನಾಯು ಹೀಗೆ ಬೇಗ ಕರಗುತ್ತೆ" ಎಂದರು. ಭಾವ ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿ ಕೇಳಿಸಿಕೊಂಡರು.

ನಾನು ಪಾರಾಗಿದ್ದೆ. ಯಾರಿಗೂ ಏನೂ ಗೊತ್ತಾಗುವಂತಿರಲಿಲ್ಲ.

ಆಮೇಲೆ ರೇಡಿಯೋ ಮಲಗಿದ. ಮೂವತ್ತನಾಲ್ಕು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಇವರದ್ದು ಮೂರು ವಾರದಿಂದ ಮೂವತ್ತು ಅಂತ ಬರೆದಿದ್ದೀರಲ್ಲ? ಇವರೊಬ್ಬರದ್ದು ಮಾತ್ರ ಯಾಕೆ ಹೊಂದ್ತಿಲ್ಲ?"

"ಗೊತ್ತಿಲ್ಲ ಮೇಡಂ" ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ಅವನ ಕಾಲಿಗೆ ನಾನೇನೂ ಮಾಡಿರಲಿಲ್ಲ, ಅವನ ವಿಷಯದಲ್ಲಿ ಅಕ್ಕ ಏನೂ ಕೇಳಿರಲಿಲ್ಲ. ಮನೆಗೆ ಬಂದು ಈ ಪುಸ್ತಕದ ಹಿಂದಿನ ಪುಟ ತಿರುವಿ, ಅವನು ನನ್ನನ್ನು ಗೇಲಿ ಮಾಡಿದ ಮಾರ್ಚ್ ಹತ್ತೊಂಬತ್ತನೇ ತಾರೀಕಿನದ್ದನ್ನು ಓದಿದೆ. ಎರಡು ಸಲ ಓದಿದೆ.

ಏಪ್ರಿಲ್ 10, ಗುರುವಾರ

ಹೇಳಿಬಿಟ್ಟೆ.

ಅಭ್ಯಾಸ ಮುಗಿದ ಮೇಲೆ ಭಾವ ಗೆರೆಯಾಚೆ ಹುಲ್ಲಿನ ಮೇಲೆ ಒಬ್ಬರೇ ಕುಳಿತಿದ್ದರು. ಉಳಿದವರು ಸ್ನಾನಕ್ಕೆ ಹೋಗಿದ್ದರು. ಪಕ್ಕದಲ್ಲಿ ಕುಳಿತೆ. ಹೇಗೆ ಶುರು ಮಾಡಬೇಕೆಂದು ರಾತ್ರಿಯೆಲ್ಲ ಯೋಚಿಸಿದ್ದು ಒಂದೂ ಬಾಯಿಗೆ ಬರಲಿಲ್ಲ.

"ಭಾವ, ನಿಮ್ಮ ಕಾಲು ಸರಿಯಾಗೇ ಇತ್ತು. ನಾನು ಕೈ ಸಡಿಲ ಬಿಟ್ಟೆ. ಮಾರ್ಚ್ ಹನ್ನೆರಡರಿಂದ. ಪ್ರತಿ ಸಲ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಮೊಣಕೈ, ಪಕ್ಕೆ, ಬೆರಳಗಲ ಎಲ್ಲ ಬಿಡಿಸಿ ಹೇಳಬೇಕಾಯಿತು. ಹೇಳುತ್ತಾ ಹೋದಂತೆ ಅವರ ಕೈ ತಾನಾಗಿಯೇ ಹೋಗಿ ತೊಡೆಯ ಮೇಲೆ ಕುಳಿತಿತು.

"ಎಷ್ಟು ಕಮ್ಮಿ ಮಾಡಿದ್ದೆ?"

"ಮೂರು ಕಿಲೋ."

"ಅಂದ್ರೆ ಅವತ್ತು ನಂದು ಮೂವತ್ತೊಂದಿತ್ತಾ?"

"ಇರಬೇಕು. ಗೊತ್ತಿಲ್ಲ ಭಾವ. ನಾನು ಅಳೀಲೇ ಇಲ್ವಲ್ಲ."

ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ವಾಸಿಯಿತ್ತು. ಹುಲ್ಲು ಕಿತ್ತು ಕಿತ್ತು ಹಾಕಿದರು.

"ನಿನ್ನೆ ಡಾಕ್ಟರಮ್ಮ ಹೇಳಿದ್ದು? ಆ ಇಪ್ಪತ್ತೇಳು?"

"ಅದು ನಿಜ."

"ನಿಜ" ಎಂದು ಅವರೂ ಹೇಳಿದರು. "ನಾನು ನನ್ನ ಮಗಳನ್ನ ಎತ್ತಲಿಲ್ಲ ಕಣೋ. ಕೈ ಚಾಚಿದ್ಲು, ನಾನು ಎತ್ತಲಿಲ್ಲ." ನನ್ನ ಕಡೆ ತಿರುಗಿ ಕೇಳಿದರು, "ನಿಮ್ಮಕ್ಕ ಹೇಳಿದ್ಲಾ?"

"ಇಲ್ಲ. ನಾನೇ."

"ಸುಳ್ಳು ಹೇಳೋದು ಇನ್ನೂ ಬಿಟ್ಟಿಲ್ಲ ನೀನು."

ಎದ್ದು ಹೋದರು. ನಾನು ಬೆಳಕು ಹೋಗುವವರೆಗೆ ಅಲ್ಲೇ ಕುಳಿತಿದ್ದೆ.

ಏಪ್ರಿಲ್ 11, ಶುಕ್ರವಾರ

ಕೋಚ್‌ಗೂ, ಅವರು ಫೋನ್ ಮಾಡಿ ಕರೆಸಿದ ಡಾಕ್ಟರಮ್ಮನಿಗೂ ಹೇಳಿದೆ. ರೇಡಿಯೋನ ವಿಷಯವನ್ನೂ ಹೇಳಿದೆ. ಅಕ್ಕನ ಹೆಸರು ಎತ್ತಲಿಲ್ಲ. ಕೋಚ್ ಕೂಗಾಡಲಿಲ್ಲ, ಕುರ್ಚಿಯಲ್ಲಿ ಕೂರು ಎಂದೂ ಹೇಳಲಿಲ್ಲ. "ಸೀಸನ್ ಮುಗಿಯೋವರೆಗೂ ಐಸು, ನೀರು, ಬ್ಯಾಂಡೇಜು. ಮೀಟರ್ ಮುಟ್ಟಂಗಿಲ್ಲ. ಆಮೇಲೆ ಕೆಲಸ ಇರುತ್ತಾ ಇಲ್ವಾ ಅಂತ ನನ್ನ ಕೇಳಬೇಡ."

ಡಾಕ್ಟರಮ್ಮ ನನ್ನ ಪಟ್ಟಿಯ ಕಾಗದಗಳನ್ನೆಲ್ಲ ಮಡಿಸಿ, ಕಸದ ಬುಟ್ಟಿಗೆ ಹಾಕದೆ ಬ್ಯಾಗಿನಲ್ಲಿ ಇಟ್ಟುಕೊಂಡರು. ಹದಿನೆಂಟು ಜನರ ಏಳೆಂಟು ತಿಂಗಳು. ಅದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ನನ್ನನ್ನು ಕೇಳಿದರೂ ಈಗ ಪ್ರಮಾಣ ಮಾಡಿ ಹೇಳಲಾರೆ.

ಹೊರಗೆ ರೇಡಿಯೋ ನಿಂತಿದ್ದ. ಸುದ್ದಿ ಮುಟ್ಟಿತ್ತು. ಏನಾದರೂ ಅಂದುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. "ಮೂರು ಪಂದ್ಯ ಹೋಯ್ತು ನಂದು" ಎಂದಷ್ಟೇ ಹೇಳಿ ದಾರಿ ಬಿಟ್ಟ.

ಏಪ್ರಿಲ್ 14, ಸೋಮವಾರ

ಅಕ್ಕ ಬಂದಿದ್ದಳು. ನಿನ್ನೆ ಎಲ್ಲವನ್ನೂ ತಾನೇ ಭಾವನಿಗೆ ಹೇಳಿದಳಂತೆ.

"ಏನಂದ್ರು?"

"ಏನೂ ಇಲ್ಲ. ಬೇರೆ ಕೋಣೇಲಿ ಮಲಗಿದ್ರು." ಕಣ್ಣು ಊದಿತ್ತು. "ಬೆಳಿಗ್ಗೆ ಎದ್ದು ಓಡೋಕೆ ಹೋದ್ರು. ಒಂದು ತಿಂಗಳಾದ ಮೇಲೆ ಇವತ್ತೇ."

ಏಪ್ರಿಲ್ 16, ಬುಧವಾರ

ಗೋಡೆಯಾಚೆ ಡಾಕ್ಟರಮ್ಮ ಅಳೆಯುತ್ತಿದ್ದಾರೆ, ಈಚೆ ನಾನು ಐಸ್ ಒಡೆಯುತ್ತಿದ್ದೇನೆ. ಭಾವ ಒಳಗೆ ಹೋದಾಗ ಸುತ್ತಿಗೆ ನಿಲ್ಲಿಸಿದೆ. "ಇಪ್ಪತ್ತೆಂಟು" ಎಂಬ ದನಿ ಕೇಳಿತು. ಅವರು ಹೊರಗೆ ಬಂದು ನನ್ನ ಮುಂದೆಯೇ ಹಾದುಹೋದರು. ನಾನು ಬಾಲ್ಡಿಯನ್ನು ನೋಡುತ್ತಿದ್ದೆ.

ಏಪ್ರಿಲ್ 23, ಬುಧವಾರ

ಭಾವ ಇಪ್ಪತ್ತೊಂಬತ್ತೂವರೆ. ಭಾನುವಾರ ಕೊನೆಯ ಪಂದ್ಯ.

ಏಪ್ರಿಲ್ 27, ಭಾನುವಾರ

ಅಕ್ಕ ಮೈದಾನಕ್ಕೆ ಬಂದಿದ್ದಳು. ಆ ಆಪರೇಷನ್ ಆದ ಮೇಲೆ ಅವಳು ಗ್ಯಾಲರಿ ಹತ್ತಿದ್ದು ಇದೇ ಮೊದಲು. ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆಂಚಿನ ಹಿಂದಿನ ಮೂರನೇ ಸಾಲಿನಲ್ಲಿ ಸೆರಗಿನ ತುದಿ ಕಚ್ಚಿಕೊಂಡು ಕುಳಿತಿದ್ದಳು.

ಒಂದು ಗೋಲು ಹಿಂದಿದ್ದೆವು. ಎಪ್ಪತ್ತನೇ ನಿಮಿಷಕ್ಕೆ ಕೋಚ್ ಭಾವನನ್ನು ಇಳಿಸಿದರು. ಮೊದಲ ಐದು ನಿಮಿಷ ಅವರು ಓಡಿದ್ದು ನೋಡಲಾಗಲಿಲ್ಲ. ಬಿಸಿ ಮರಳಿನ ಮೇಲೆ ಕಾಲಿಡುವವರ ಹಾಗೆ ಓಡುತ್ತಿದ್ದರು. ಚೆಂಡು ಕಾಲಿಗೆ ಬಂದರೂ ಪಕ್ಕದವನಿಗೆ ದಾಟಿಸಿಬಿಡುತ್ತಿದ್ದರು.

ಆಮೇಲೆ ರೇಡಿಯೋ ಎಡಗಡೆಯಿಂದ ಉದ್ದಕ್ಕೆ ಒಂದು ಚೆಂಡು ಹೊಡೆದ. ಅದು ಎರಡೂ ಕಡೆಯವರಿಗೆ ಸಮದೂರ. ಭಾವ ಒಂದು ಕ್ಷಣ ನಿಂತರು. ಅವರು ಲೆಕ್ಕ ಹಾಕುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಮರುಕ್ಷಣ ಲೆಕ್ಕ ಬಿಟ್ಟು ಓಡಿದರು, ಪೂರ್ತಿ ಓಡಿದರು, ಬಲಗಾಲು ಮುಂದಕ್ಕೆ ಚಾಚಿ ಜಾರಿ ಚೆಂಡನ್ನು ಕಿತ್ತುಕೊಂಡರು. ಎದುರಿನವನು ಅವರ ಮೇಲೆಯೇ ಬಿದ್ದ.

ಭಾವ ಏಳಲಿಲ್ಲ. ಐಸ್ ಪೆಟ್ಟಿಗೆಗೆ ಕೈ ಹಾಕಿ ಹಾಗೇ ನಿಂತುಬಿಟ್ಟೆ. ಓಡಬೇಕಾದವನು ನಾನೇ. ಹಿಂದಿನಿಂದ ಅಕ್ಕನ ದನಿ ಕೇಳಿತು. "ಏಳ್ರೀ!" ಬೇಡುವ ದನಿಯಲ್ಲ, ಬೆಳಿಗ್ಗೆ ಹೊತ್ತಾಯಿತು ಎಂದು ಗದರಿಸುವ ದನಿ. "ಏಳ್ರೀ ಮೇಲೆ!"

ಎದ್ದರು. ಮಣ್ಣು ಕೊಡವಿಕೊಂಡು ಗ್ಯಾಲರಿಯ ಕಡೆ ನೋಡಿದರು, ಮತ್ತೆ ಓಡಿದರು.

ಪಂದ್ಯ ಸೋತೆವು. ಒಂದು ಗೋಲು ಕೊನೆಗೂ ತೀರಲಿಲ್ಲ. ಅಕ್ಕ ಪುಟ್ಟಿಯ ತಲೆಯಲ್ಲಿ ಮುಖ ಇಟ್ಟು ಅತ್ತಳು. ಯಾವುದಕ್ಕೆ ಎಂದು ಕೇಳಲಿಲ್ಲ.

ಏಪ್ರಿಲ್ 28, ಸೋಮವಾರ

ಕೋಚ್ ಇನ್ನೂ ಏನೂ ಹೇಳಿಲ್ಲ. ಸಾಮಾನು ಕಟ್ಟಿಟ್ಟಿದ್ದೇನೆ.

ಎಲ್ಲರ ಅಳತೆ ಮುಗಿದು ಡಾಕ್ಟರಮ್ಮ ಹೊರಟ ಮೇಲೆ ಭಾವ ಐಸ್ ಮೇಜಿನ ಬಳಿ ಬಂದರು. ಕುರ್ಚಿ ಎಳೆದು ಕುಳಿತು, ಬಲಗಾಲನ್ನು ಎತ್ತಿ ಮೇಜಿನ ಮೇಲಿಟ್ಟರು. ಹದಿನೆಂಟು ದಿನದಲ್ಲಿ ನನ್ನ ಹತ್ತಿರ ಬಂದದ್ದು ಇದೇ ಮೊದಲು. ಐಸನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಕೆಳಗೆ ಇಟ್ಟೆ.

"ಮುಂದಿನ ವರ್ಷ ಆಡ್ತೀನೋ ಇಲ್ವೋ ಇನ್ನೂ ಗೊತ್ತಿಲ್ಲ" ಎಂದರು, ಗೋಡೆ ನೋಡುತ್ತಾ. "ನಿಮ್ಮಕ್ಕನಿಗೂ ಅದನ್ನೇ ಹೇಳಿದ್ದೀನಿ. ಗೊತ್ತಾದಾಗ ನಾನೇ ಹೇಳ್ತೀನಿ, ಅವಳು ಜಗಳ ಆಡ್ಬೇಕು ಅಂದ್ರೆ ಎದುರಿಗೆ ನಿಂತು ಆಡ್ಲಿ."

"ಸರಿ ಭಾವ."

"ಎಷ್ಟು ಬಂತು ಅಂತ ಕೇಳಲ್ವಾ?"

"ಇಲ್ಲ." ಬಟ್ಟೆಯ ಅಂಚು ಸರಿಪಡಿಸಿದೆ. "ಕಾಲು ಹೇಗಿದೆ?"

ಅವರು ಕಣ್ಣು ಮುಚ್ಚಿ ಕಾಲನ್ನೇ ಕೇಳಿ ತಿಳಿದುಕೊಳ್ಳುವವರಂತೆ ಕುಳಿತರು.

"ನೋಯ್ತಿದೆ" ಎಂದರು. "ಆಡಿದ ನೋವು."

ಐಸು ಕರಗಲು ಇಪ್ಪತ್ತು ನಿಮಿಷ ಹಿಡಿಯಿತು. ನೀರು ಮೇಜಿನಿಂದ ಇಳಿದು ನೆಲದಲ್ಲಿ ಹರಿಯಿತು. ಅಲ್ಲಿಯವರೆಗೂ ಅವರು ಎದ್ದು ಹೋಗಲಿಲ್ಲ.